ಹೋಗಿ ಬರುವ ಗೆರೆ

ಕುಂದಾಪುರದ ನೋಂದಣಿ ಕಚೇರಿಗೆ ಹೋಗುವ ದಾರಿಯಲ್ಲಿ, ಜೆರಾಕ್ಸ್ ಅಂಗಡಿಗೂ ಎಳನೀರಿನ ಗಾಡಿಗೂ ನಡುವೆ ನನ್ನದೊಂದು ಕೋಣೆಯಿದೆ. ಬಾಗಿಲ ಮೇಲೆ ‘ಪತ್ರ ಬರಹಗಾರರು’ ಎಂಬ ಬೋರ್ಡು. ಜಾಗದ ಕ್ರಯಪತ್ರ, ಪಾಲಾದವರ ವಿಭಾಗಪತ್ರ, ವೀಲುನಾಮೆ, ಹಕ್ಕು ಬಿಡುಗಡೆ ಪತ್ರ, ಹೀಗೆ ಮನುಷ್ಯರು ಮಣ್ಣಿನ ವಿಷಯದಲ್ಲಿ ಒಬ್ಬರಿಗೊಬ್ಬರು ಬರೆದುಕೊಡುವುದನ್ನೆಲ್ಲ ನಾನು ಬರೆಯುತ್ತೇನೆ. ಬರೆಯುತ್ತಿದ್ದೆ ಎನ್ನಬೇಕು. ಈಗ ಬರೆಯುವುದು ಕಂಪ್ಯೂಟರಿನೊಳಗಿನ ಎಐ. ನಾನು ಹೆಸರು, ಸರ್ವೆ ನಂಬರು, ವಿಸ್ತೀರ್ಣ ಹೇಳುತ್ತೇನೆ. ನನ್ನ ಚಾ ಆರುವುದರೊಳಗೆ ಅದು ಆರು ಪುಟ ಬರೆದು ಮುಂದಿಡುತ್ತದೆ. ಪತ್ರದ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಅದರ ಮುಂದೆ ಬರೆದವರ ಹೆಸರು ಹಾಕುವ ಹಳೆಯ ಪದ್ಧತಿ ನಮ್ಮಲ್ಲಿದೆ. ಅಲ್ಲಿ ಮಾತ್ರ ಇನ್ನೂ ನನ್ನ ಹೆಸರೇ ಇದೆ.

ನಾನು ಈ ಕೋಣೆಗೆ ಬಂದದ್ದು ಟೈಪಿಸ್ಟಾಗಿ, ಸೀರೆಯ ನೆರಿಗೆ ಸರಿಯಾಗಿ ನಿಲ್ಲಿಸಲು ಕಲಿತ ವರ್ಷ. ಆಗಿನ ಬರಹಗಾರರು ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ವಯಸ್ಸಾದವರು. ಅವರು ಕುಳಿತು ಹೇಳಿಕೊಟ್ಟದ್ದೇ ಇಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತ ಇಡೀ ಪತ್ರವನ್ನು ಬಾಯಿಂದಲೇ ಹೇಳುತ್ತಿದ್ದರು. ನಾನು ಬಡಿಯುತ್ತ ಹೋಗುತ್ತಿದ್ದೆ. ಅಲ್ಪವಿರಾಮ ಬಂದಲ್ಲಿ ಸಣ್ಣಗೆ ಕೆಮ್ಮುವುದು ಅವರ ಕ್ರಮ. ಅವರಿಗೆ ನೆಗಡಿಯಾದ ಒಂದು ವಾರ ನನ್ನ ಪತ್ರಗಳ ತುಂಬ ಅಲ್ಪವಿರಾಮಗಳೇ. ನೋಂದಣಿ ಕಚೇರಿಯವರು ಕರೆದು ಕೇಳಿದ್ದರು. ಬಯ್ಯುವುದರಲ್ಲೂ ಅವರು ಅಷ್ಟೇ ಧಾರಾಳಿ. ಮೂಡು, ಪಡು, ಬಡಗು, ತೆಂಕು ಎಂಬ ನಾಲ್ಕು ದಿಕ್ಕಿನ ಗಡಿ ಬರೆಯುವಾಗ ನಾನು ಒಂದು ತಪ್ಪು ಮಾಡಿದರೂ, ‘ಹೆಣ್ಣೆ, ನೀ ಆ ಮನುಷ್ಯನ್ನ ಹೊಳಿಗ್ ಹಾಕ್ದೆ ಕಾಣ್’ ಎಂದು ಕೂಗುತ್ತಿದ್ದರು. ಹೊಳೆಯ ಬದಿಯ ಜಾಗ ಹೊಳೆಯ ಆಚೆ ಹೋಗಿರುತ್ತಿತ್ತು.

ಅವರು ತೀರಿಕೊಂಡ ಮೇಲೆ ಪರವಾನಗಿ ಮಾಡಿಸಿಕೊಂಡು ಕೋಣೆಯನ್ನು ನಾನೇ ನಡೆಸಿದೆ. ನನಗೆ ಮದುವೆಯಾಗಿಲ್ಲ. ಅದಕ್ಕೆ ದೊಡ್ಡ ಕತೆಯೇನೂ ಇಲ್ಲ. ನೋಡಲು ಬಂದವರಿಗೆ ನಾನು ಒಪ್ಪಿಗೆಯಾಗಲಿಲ್ಲ, ಆಮೇಲೆ ಬರುವವರೂ ನಿಂತರು. ವಾರವಿಡೀ ಪೇಟೆಯಲ್ಲೊಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಹಾಲಾಡಿಯ ಬಸ್ಸು. ಹಾಲಾಡಿಯಲ್ಲಿ ನನ್ನ ತಾಯಿಮನೆ. ಅಲ್ಲಿ ಬಡಗು ದಿಕ್ಕಿನ ಸಣ್ಣ ಕೋಣೆ ನನ್ನದು. ನನ್ನ ಟ್ರಂಕು, ನನ್ನ ಚಾಪೆ, ಕಿಟಕಿಯ ಸರಳಿಗೆ ಒಣಹಾಕಿದ, ಮೈ ಒರೆಸುವ ನನ್ನ ಹಳೆಯ ಬೈರಾಸು ಎಲ್ಲ ಅಲ್ಲಿಯೇ ಇರುತ್ತಿದ್ದವು. ಯಾರಾದರೂ ಊರು ಯಾವುದು ಎಂದು ಕೇಳಿದರೆ ಹಾಲಾಡಿ ಎನ್ನುತ್ತಿದ್ದೆ. ಕುಂದಾಪುರದಲ್ಲಿ ಮೂವತ್ತು ವರ್ಷ ಬದುಕಿದರೂ ಅದು ನನ್ನ ಬಾಯಿಗೆ ಊರು ಎಂದು ಬರಲಿಲ್ಲ.

ಈಗ ಆ ಹಳೆಯ ಬರಹಗಾರರ ಒಂದು ಕ್ರಮವನ್ನು ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ತಂದೆ ತಾಯಿ ತೀರಿಕೊಂಡ ಮೇಲೆ ಜಾಗದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಬರುತ್ತದೆ. ಹೆಚ್ಚಿನ ಹೆಣ್ಣುಮಕ್ಕಳು ಅದನ್ನು ಅಣ್ಣನಿಗೋ ತಮ್ಮನಿಗೋ ಬಿಟ್ಟುಕೊಡುತ್ತಾರೆ. ಆ ಪತ್ರಕ್ಕೆ ಹಕ್ಕು ಬಿಡುಗಡೆ ಪತ್ರ ಎಂದು ಹೆಸರು, ನಮ್ಮವರ ಬಾಯಲ್ಲಿ ‘ರಿಲೀಸ್’. ಬರೆದಾದ ಮೇಲೆ ಬರೆದುಕೊಡುವವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ‘ಈ ಪತ್ರವನ್ನು ಓದಿಸಿ ಕೇಳಿ, ಅರ್ಥ ಮಾಡಿಕೊಂಡು, ಸ್ವಸಂತೋಷದಿಂದ ಸಹಿ ಮಾಡಿರುತ್ತೇನೆ’ ಎಂದು ಕೊನೆಯಲ್ಲಿ ಬರೆದೂ ಇರುತ್ತದೆ. ನಮ್ಮ ಬರಹಗಾರರು ಓದುವ ಮೊದಲು ಗಂಡಸರ ಕಡೆಗೆ ತಿರುಗಿ, ‘ಹ್ವಾಯ್, ನೀವ್ ಒಂದ್ ಚಾ ಕುಡ್ಕಂಡ್ ಬನ್ನಿ. ಇಲ್ಲ್ ಇನ್ನೂ ಹೊತ್ತಿತ್ತ್’ ಎಂದು ಹೊರಗೆ ಕಳಿಸುತ್ತಿದ್ದರು. ಆಮೇಲೆ ಹೆಂಗಸಿಗೆ ಓದುತ್ತ, ಕೊನೆಯ ಪುಟಕ್ಕೆ ಬಂದು ನಿಲ್ಲಿಸುತ್ತಿದ್ದರು. ಕನ್ನಡಕ ತೆಗೆದು ಕೇಳುತ್ತಿದ್ದರು:

‘ಆ ಮನಿಗೆ ಇನ್ನ್ ಹೋಪುದ್ ಬಪ್ಪುದ್ ಇತ್ತಾ?’

ಆ ಮನೆಗೆ ಇನ್ನು ಹೋಗಿ ಬರುವುದು ಇದೆಯೇ, ಇಷ್ಟೇ ಪ್ರಶ್ನೆ. ಸುಮ್ಮನೆ ಕೇಳಿದಂತೆ ಕೇಳುತ್ತಿದ್ದರು. ಆದರೆ ಅಲ್ಲಿಯವರೆಗೆ ನಗುತ್ತಿದ್ದ ಹೆಂಗಸರೂ ಈ ಒಂದು ಮಾತಿಗೆ ಸೆರಗು ಬಾಯಿಗೆ ಇಟ್ಟುಕೊಂಡದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಬ್ಬಳು, ‘ಬಾವಿ ನೀರ್ ಒಂದ್ ಕುಡೂಕಾರೂ ಹೋಯ್ಕಲೆ’ ಎಂದಿದ್ದಳು. ಮತ್ತೊಬ್ಬಳು ನನ್ನ ಟೈಪ್‌ರೈಟರನ್ನೇ ನೋಡುತ್ತ ಕುಳಿತಿದ್ದಳು. ಬರಹಗಾರರು ಕಾಯುತ್ತಿದ್ದರು. ಹೌದು ಎಂದು ಗೊತ್ತಾದ ಮೇಲೆ ನನ್ನ ಕಡೆಗೆ ತಿರುಗಿ, ‘ಹೋಗಿ ಬರುವ ಗೆರೆ ಹಾಕ್’ ಎನ್ನುತ್ತಿದ್ದರು. ಆ ಗೆರೆ ನನಗೆ ಬಾಯಿಪಾಠ:

‘ಆದರೆ ಬರೆದುಕೊಡುವವಳು ತನ್ನ ಜೀವಮಾನ ಪರ್ಯಂತ ಸದರಿ ಮನೆಗೆ ಹೋಗಿ ಬರುವ, ಬೇಕಾದಾಗ ಬಡಗು ಕೋಣೆಯಲ್ಲಿ ತಂಗುವ ಮತ್ತು ಬಾವಿಯ ನೀರನ್ನು ಉಪಯೋಗಿಸುವ ಹಕ್ಕನ್ನು ತನ್ನಲ್ಲಿಯೇ ಇರಿಸಿಕೊಂಡಿರುತ್ತಾಳೆ.’

ಕೋಣೆ ಮನೆಮನೆಗೆ ಬೇರೆಯಾಗುತ್ತಿತ್ತು, ಉಳಿದದ್ದು ಇದೇ. ಚಾ ಕುಡಿದು ಬಂದ ಅಣ್ಣತಮ್ಮಂದಿರ ಮುಂದೆ ಪತ್ರವನ್ನು ಮತ್ತೊಮ್ಮೆ ಓದಿ, ಈ ಗೆರೆ ಬಂದಾಗ ಸ್ವರ ತುಸು ಏರಿಸುತ್ತಿದ್ದರು. ಎದುರೇ ಓದಿದ್ದನ್ನು ಬೇಡ ಎಂದವರನ್ನು ನಾನು ಕಂಡಿಲ್ಲ.

ಎಐ ನನ್ನ ಕೋಣೆಗೆ ಬಂದದ್ದು ಮೇಲಿನ ಮಹಡಿಯ ವಕೀಲರೊಬ್ಬರ ಉಪಕಾರದಿಂದ. ‘ಇನ್ನೂ ಬಡಿತಾ ಕೂಕಂಡಿದ್ರ್ಯಲೆ ಮರಾಯ್ತಿ’ ಎಂದು ಅವರೇ ಕಂಪ್ಯೂಟರಿನಲ್ಲಿ ಹಾಕಿಕೊಟ್ಟರು. ಮೊದಮೊದಲು ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಪಡು ಎಂದರೆ ಪಶ್ಚಿಮ ಎಂದು ತಿದ್ದುತ್ತಿತ್ತು. ಗದ್ದೆಯ ಅಂಚನ್ನು ಕೃಷಿಭೂಮಿಯ ಗಡಿರೇಖೆ ಎಂದು ಬರೆಯುತ್ತಿತ್ತು. ಒಂದು ಕ್ರಯಪತ್ರದಲ್ಲಿ ನಾನು ಹೇಳದೇ ಇದ್ದ ಒಂದು ರಸ್ತೆಯನ್ನು ತಾನೇ ಹಾಕಿಬಿಟ್ಟಿತ್ತು. ನಮ್ಮ ಬರಹಗಾರರು ಇದ್ದಿದ್ದರೆ ಅದಕ್ಕೂ ಹೊಳೆಗೆ ಹಾಕಿದ ಮಾತು ಸಿಗುತ್ತಿತ್ತು. ನಾನು ಬಯ್ದು ಬಯ್ದು ತಿದ್ದಿದೆ. ಅದು ಪ್ರತಿ ಸಲವೂ ಕ್ಷಮೆ ಕೇಳಿತು. ಆ ಕೋಣೆಯಲ್ಲಿ ನನ್ನ ಹತ್ತಿರ ಯಾರೂ ಕ್ಷಮೆ ಕೇಳಿದ್ದು ನನಗೆ ನೆನಪಿಲ್ಲ, ಹಾಗಾಗಿ ನನಗೂ ಅದು ಸ್ವಲ್ಪ ಹಿಡಿಸಿತು.

ಕ್ರಮೇಣ ಅದು ನಮ್ಮ ಪತ್ರಗಳ ಹದ ಕಲಿಯಿತು. ಹಳೆಯ ಕಡತಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ಉಣಿಸಿದ್ದೆ. ಪ್ರತಿ ಪತ್ರ ಮುಗಿದ ಮೇಲೂ ಅದು ಕೆಳಗೆ ‘ಇದರಲ್ಲಿ ಇನ್ನೇನಾದರೂ ಸೇರಿಸಬೇಕೇ?’ ಎಂದು ಕೇಳುತ್ತದೆ. ಅದು ಎಲ್ಲರನ್ನೂ ಕೇಳುವ ಮಾತು. ನಾನು ಒಂದು ದಿನವೂ ಉತ್ತರ ಕೊಟ್ಟವಳಲ್ಲ. ಪ್ರಿಂಟ್ ಒತ್ತುತ್ತಿದ್ದೆ.

ಹಕ್ಕು ಬಿಡುಗಡೆ ಪತ್ರದ ಮಾದರಿ ಮಾಡಿಕೊಂಡ ದಿನ, ಹೋಗಿ ಬರುವ ಗೆರೆಯ ಪಕ್ಕದಲ್ಲಿ ಅದೊಂದು ಟಿಪ್ಪಣಿ ಹಾಕಿತು. ಈ ಷರತ್ತು ಹಕ್ಕಿನ ಪೂರ್ಣ ಬಿಡುಗಡೆಗೆ ಹೊಂದುವುದಿಲ್ಲ, ಮುಂದೆ ತಕರಾರಿಗೆ ಕಾರಣವಾಗಬಹುದು, ತೆಗೆಯುವುದು ಒಳ್ಳೆಯದು ಎಂದು. ವಕೀಲರನ್ನು ಕೇಳಿದೆ. ಅವರೂ ಹೌದೆಂದರು. ನಾನು ತೆಗೆದೆ. ಕಾಯಿದೆಯ ಮೇಲಿನ ಗೌರವದಿಂದ ತೆಗೆದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಗೆರೆ ಹಾಕಬೇಕಾದರೆ ಮೊದಲು ಆ ಪ್ರಶ್ನೆ ಕೇಳಬೇಕು. ಕೇಳಿದರೆ ಎದುರಿಗಿದ್ದವಳು ಅಳುತ್ತಾಳೆ. ಅವಳು ಅಳುವಷ್ಟು ಹೊತ್ತು ಕುಳಿತಿರಬೇಕು. ನನಗೆ ಸಾಕಾಗಿತ್ತು. ಅತ್ತವರೆಲ್ಲ ಅತ್ತು ಎದ್ದುಹೋಗುತ್ತಾರೆ, ಆಮೇಲೆ ಕೋಣೆಯಲ್ಲಿ ಒಬ್ಬಳೇ ಇರಬೇಕಾದವಳು ನಾನು.

ಜನ ಬರುವುದೂ ಕಡಿಮೆಯಾಗಿತ್ತು. ದಾಖಲೆಗಳೆಲ್ಲ ವಾಟ್ಸಾಪಿನಲ್ಲಿ ಬರುತ್ತವೆ. ಪತ್ರವನ್ನು ಮೊದಲು ಆನ್‌ಲೈನಿನಲ್ಲೇ ಕಚೇರಿಗೆ ಕಳಿಸುತ್ತೇವೆ. ಹೆಂಗಸರು ಬರುವುದು ಸಹಿ ಹಾಕುವ ದಿನ ಮಾತ್ರ, ಗಂಡಸರ ಜೊತೆ, ಅವಸರದಲ್ಲಿ. ಕೈಗೆ ಪ್ರಿಂಟು ಕೊಟ್ಟು ‘ಓದ್ಕಣಿ’ ಎನ್ನುತ್ತಿದ್ದೆ. ಅವರು ಮೊದಲ ಪುಟದಲ್ಲಿ ತಮ್ಮ ಹೆಸರು ಹುಡುಕಿ, ಇದೆ ಎಂದು ಕಂಡು, ವಾಪಸ್ಸು ಕೊಡುತ್ತಿದ್ದರು. ‘ಓದಿಸಿ ಕೇಳಿ’ ಎಂಬ ಸಾಲನ್ನು ಎಐ ಮಾತ್ರ ಒಂದು ಪತ್ರದಲ್ಲೂ ಬಿಟ್ಟದ್ದಿಲ್ಲ. ಓದುವುದನ್ನು ಬಿಟ್ಟವಳು ನಾನು.

ಹೀಗೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಆ ಹೆಂಗಸು ಬಂದಳು. ನನ್ನ ವಯಸ್ಸೇ ಇರಬೇಕು. ತಾಯಿಮನೆ ಶಿರೂರು, ಗಂಡ ತೀರಿಕೊಂಡಿದ್ದಾನೆ, ಕುಂದಾಪುರದ ಹತ್ತಿರ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಹಿಂದಿನ ವರ್ಷ ಅಣ್ಣನಿಗೆ ಅವಳು ಕೊಟ್ಟ ರಿಲೀಸ್ ನನ್ನ ಕೋಣೆಯಲ್ಲಿಯೇ ಆದದ್ದು. ಕುಳಿತು, ಪ್ಲಾಸ್ಟಿಕ್ ಚೀಲದಿಂದ ಎರಡು ಪತ್ರ ತೆಗೆದು ಮೇಜಿನ ಮೇಲೆ ಇಟ್ಟಳು. ಒಂದು ಅವಳದು, ಬೆಳ್ಳಗೆ, ಎಐ ಬರೆದದ್ದು. ಇನ್ನೊಂದು ಅವಳ ಅಕ್ಕನದು, ಮಡಿಕೆಗಳಲ್ಲಿ ಹರಿದದ್ದು, ನನ್ನದೇ ಟೈಪ್‌ರೈಟರಿನ ಅಕ್ಷರ.

‘ಅಕ್ಕ, ಇದ್ ನಮ್ಮಕ್ಕನ ಪತ್ರ. ಇದ್ರಂಗೆ ಒಂದ್ ಗೆರೆ ಇತ್ತ್. ನನ್ ಪತ್ರದಂಗೆ ಅದ್ ಎಲ್ಲಿತ್ತ್? ನಂಗೆ ಕಾಂತಿಲ್ಲೆ’ ಎಂದಳು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಮೂರು ದಿನ ಹುಡುಕಿದಳಂತೆ.

ನಾನು ಇಲ್ಲದ್ದನ್ನು ಹುಡುಕುವವಳಂತೆ ಪುಟ ತಿರುಗಿಸಿದೆ. ಅಷ್ಟರಲ್ಲಿ ಅವಳು ವಿಷಯ ಹೇಳಿದಳು. ಅವಳ ಮೊಣಕಾಲಿಗೆ ಆಪರೇಷನ್ ಆಗಬೇಕು. ಆಮೇಲೆ ಮೂರು ತಿಂಗಳು ಕೆಲಸಕ್ಕೆ ಹೋಗುವಂತಿಲ್ಲ, ನೋಡಿಕೊಳ್ಳುವವರೂ ಇಲ್ಲ. ತಾಯಿಮನೆಯಲ್ಲಿ ಇರೋಣ ಎಂದು ಹೋದರೆ ಬಡಗು ಕೋಣೆಯಲ್ಲಿ ಅಕ್ಕಿಮುಡಿ, ಹಳೆಯ ಮಂಚ, ಬಾಗಿಲಿಗೆ ಬೀಗ. ಅತ್ತಿಗೆ, ರಿಲೀಸ್ ಕೊಟ್ಟಾಯಿತಲ್ಲ ಎಂದಳಂತೆ. ಅಕ್ಕ ಮಾತ್ರ ಕೊನೆಯ ಎರಡು ವರ್ಷ ಅದೇ ಕೋಣೆಯಲ್ಲಿದ್ದು ತೀರಿಕೊಂಡವಳು. ಆಗ ಯಾರೂ ಒಂದು ಮಾತು ಆಡಿರಲಿಲ್ಲ.

‘ಇಲ್ಲೆ’ ಎಂದೆ ನಾನು. ‘ನಿಮ್ ಪತ್ರದಂಗೆ ಆ ಗೆರೆ ಇಲ್ಲೆ.’

ಅವಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ‘ನೀವ್ ನನ್ ಹತ್ರ ಕೇಣ್ಲೇ ಇಲ್ಲೆ’ ಎಂದಳು, ಅಷ್ಟೇ. ಅಕ್ಕನನ್ನು ಇದೇ ಕೋಣೆಯಲ್ಲಿ ಒಬ್ಬರು ಅಜ್ಜ ಕೇಳಿದ್ದರಂತೆ, ಅದನ್ನು ಅಕ್ಕ ಸಾಯುವವರೆಗೂ ಹೇಳುತ್ತಿದ್ದಳಂತೆ. ತನ್ನನ್ನೂ ಕೇಳುತ್ತಾರೆ ಎಂದು ಇವಳು ಅವತ್ತು ಕಾದಿದ್ದಳು. ನಾನು ‘ಓದ್ಕಣಿ’ ಎಂದು ಪತ್ರ ಕೊಟ್ಟು ಫೋನು ತೆಗೆದುಕೊಂಡಿದ್ದೆ.

ನನಗೆ ಅವತ್ತಿನಷ್ಟು ನಾಚಿಕೆ ಬೇರೆ ಯಾವತ್ತೂ ಆಗಿಲ್ಲ. ಆ ಭಾನುವಾರ ಅವಳ ಜೊತೆ ಬಸ್ಸು ಹತ್ತಿದೆ. ಬೈಂದೂರು ದಾಟಿ ಶಿರೂರು ಮುಟ್ಟುವವರೆಗೆ ಅವಳು ಕಿಟಕಿಯಿಂದ ಒಂದೊಂದೇ ತೋರಿಸುತ್ತಿದ್ದಳು, ಇದು ನಾವು ಕಟ್ಟಿಗೆಗೆ ಬರುತ್ತಿದ್ದ ಗುಡ್ಡ, ಅದು ನಮ್ಮ ಶಾಲೆ ಎಂದು. ನಾನು ಬಾಯಿ ಜೋರು ಮಾಡಲು ತಯಾರಾಗಿ ಹೋಗಿದ್ದೆ. ಅಣ್ಣ ಮುಂಬೈಯ ಹೋಟೆಲಿನಲ್ಲಿ ಬಹಳ ವರ್ಷ ದುಡಿದು ಬಂದವನು. ಮುಂಡು ಸರಿಮಾಡಿಕೊಂಡು, ಕುರ್ಚಿ ಒರೆಸಿ ಕೊಟ್ಟು, ಎಲ್ಲ ಕೇಳಿಸಿಕೊಂಡ. ಆಮೇಲೆ ನನ್ನನ್ನೇ ತಿರುಗಿ ಕೇಳಿದ:

‘ದೊಡ್ಡಕ್ಕಂದ್ ಬರ್ದಿತ್ತ್, ಇವ್ಳದ್ ಬರೀಲಿಲ್ಲ. ಹಂಗಾರ್ ಇವ್ಳಿಗ್ ಬೇಡ ಅಂದೇ ಅಲ್ದಾ? ಕೇಂಡಿದ್ರೆ ನಾ ಇಲ್ಲೆ ಅಂತಿದ್ನಾ?’

ಆ ಮನೆಯವರು ಆ ಗೆರೆಯನ್ನು ಕಾಯಿದೆ ಎಂದು ತಿಳಿದಿರಲೇ ಇಲ್ಲ. ಹೆಣ್ಣುಮಗಳ ಬಾಯಿಂದ ಬಂದ ಮಾತು ಎಂದು ತಿಳಿದಿದ್ದರು. ಅದು ಇದ್ದರೆ ಅವಳು ಬರುತ್ತಾಳೆ ಎಂದರ್ಥ. ಇಲ್ಲದಿದ್ದರೆ ಬರುವುದಿಲ್ಲ ಎಂದು ಅವಳೇ ಹೇಳಿದಂತೆ. ತಂಗಿಗೆ ಮನೆಯವರ ಮೇಲೆ ಏನೋ ಬೇಸರವಿದೆ ಎಂದು ಅವರು ಒಂದು ವರ್ಷ ಸಂಕಟಪಟ್ಟಿದ್ದರು, ಅವಳು ಅಣ್ಣನಿಗೆ ತಾನು ಬೇಡವಾದೆ ಎಂದು ಸಂಕಟಪಟ್ಟಿದ್ದಳು. ನಡುವೆ ಇದ್ದದ್ದು ನನ್ನ ಮಾದರಿ ಪತ್ರ.

ತಿದ್ದುಪಡಿ ಪತ್ರ ಮಾಡಿದೆವು. ಎಐ ಮತ್ತೆ ಅದೇ ಟಿಪ್ಪಣಿ ಹಾಕಿತು. ನೀನು ಬಾಯಿ ಮುಚ್ಚು ಎಂದು ಟೈಪು ಮಾಡಿದೆ, ಅದು ಕ್ಷಮೆ ಕೇಳಿತು. ಅಣ್ಣನನ್ನು ಚಾ ಕುಡಿಯಲು ಕಳಿಸಿ, ಅವಳಿಗೆ ಗಟ್ಟಿಯಾಗಿ ಓದಿ, ಕೊನೆಯ ಪುಟದಲ್ಲಿ ನಿಲ್ಲಿಸಿ, ಕನ್ನಡಕ ತೆಗೆದು ಕೇಳಿದೆ. ಆ ಗೆರೆ ತೆಗೆದ ಮೇಲೆ ಆ ಪ್ರಶ್ನೆ ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಅವಳು ಗಳಗಳ ಅತ್ತಳು. ನಾನು ಎದುರಿಗೆ ಕುಳಿತೇ ಇದ್ದೆ. ಆಪರೇಷನ್ ಆಗಿ ಮೂರು ತಿಂಗಳು ಶಿರೂರಿನಲ್ಲಿದ್ದು, ವಾಪಸ್ಸು ಬರುವಾಗ ನನಗೊಂದು ಚೀಲ ಕುಚ್ಚಲಕ್ಕಿ ತಂದುಕೊಟ್ಟಳು. ಅಂದಿನಿಂದ ಮಾದರಿ ಪತ್ರದಲ್ಲಿ ಆ ಗೆರೆ ಇದೆಯೆಂದಲ್ಲ. ಅದನ್ನು ಮಾದರಿಯಲ್ಲಿ ಹಾಕಿಡಬಾರದು. ಕೇಳಿ ಹಾಕಬೇಕು, ಪ್ರತಿ ಸಲ ಕೇಳಿಯೇ ಹಾಕಬೇಕು. ನಾನು ಕೇಳುತ್ತೇನೆ.

ನನ್ನ ತಾಯಿ ತೀರಿಕೊಂಡದ್ದು ಅದರ ಮರುವರ್ಷ. ಹಾಲಾಡಿಯ ಮನೆ ಮತ್ತು ಜಾಗ ತಾಯಿಯ ಹೆಸರಿನಲ್ಲಿತ್ತು. ಹಕ್ಕುದಾರರು ಇಬ್ಬರೇ, ನಾನು ಮತ್ತು ನನ್ನ ತಮ್ಮ. ತಮ್ಮನಿಗೆ ಹಾಲಾಡಿ ಪೇಟೆಯಲ್ಲಿ ಬೇಕರಿ. ಒಳ್ಳೆಯವನು. ನಾನು ಮನೆಗೆ ಹೋದಾಗೆಲ್ಲ ನನಗೆಂದು ಖಾರ ಬಿಸ್ಕತ್ತು ಬೇರೆ ಕಟ್ಟಿಡುವವನು. ಒಂದು ದಿನ ಆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ನನ್ನ ಕೋಣೆಗೇ ಬಂದ. ಹಳೆಯ ಮನೆ ಸೋರುತ್ತದೆ, ತೆಗೆದು ಹೊಸದು ಕಟ್ಟುತ್ತೇನೆ, ಪರವಾನಗಿಗೆ ಜಾಗ ಒಂದೇ ಹೆಸರಿಗೆ ಆಗಬೇಕು ಎಂದ. ನಾನು ಕೂಡಲೇ ಒಪ್ಪಿದೆ. ನನಗೆ ಜಾಗ ಎಂತಕ್ಕೆ?

‘ನೀನೇ ಬರಿ ಅಕ್ಕ’ ಎಂದ. ‘ಹೊರಗಿನವ್ರ್ ಎಂತಕೆ?’

ಆಮೇಲೆ ಹೊಸ ಮನೆಯ ನಕ್ಷೆ ಬಿಡಿಸಿ ಮೇಜಿನ ಮೇಲೆ ಹರಡಿದ. ಉಮೇದಿನಿಂದ ಬೆರಳಿಟ್ಟು ತೋರಿಸಿದ: ಇದು ಚಾವಡಿ, ಇದು ಮಕ್ಕಳ ಕೋಣೆ, ಇದು ದೇವರ ಕೋಣೆ. ನಕ್ಷೆ ಓದುವುದು ನನಗೆ ಹೊಸತಲ್ಲ. ಬಡಗು ಯಾವ ಕಡೆ ಎಂದು ಬಾಣದ ಗುರುತು ನೋಡಿದೆ. ಬಡಗು ಕೋಣೆ ಇದ್ದಲ್ಲಿ ಕಾರು ನಿಲ್ಲಿಸುವ ಜಾಗ ಇತ್ತು. ಬಾವಿ ಇದ್ದ ಹಾಗೇ ಇತ್ತು. ಒಳ್ಳೆಯದಾಯಿತು, ಗಾಳಿ ಬೆಳಕು ಚೆನ್ನಾಗಿದೆ ಎಂದೆ.

ಮರುದಿನ ಪತ್ರ ಮಾಡಲು ಕುಳಿತೆ. ಬರೆದುಕೊಡುವವರು ಎಂಬಲ್ಲಿ ನನ್ನ ಹೆಸರು ಹಾಕುವಾಗ ಕೈ ಒಮ್ಮೆ ತಡೆಯಿತು. ಬೇರೆಯವರ ಹೆಸರನ್ನೇ ಹಾಕಿ ಅಭ್ಯಾಸ. ವಿಳಾಸದಲ್ಲಿ ಹಾಲಾಡಿ ಎಂದು ಬರೆದು, ಅಳಿಸಿ, ಕುಂದಾಪುರದ ಬಾಡಿಗೆ ಕೋಣೆಯದ್ದನ್ನು ಹಾಕಿದೆ. ಉಳಿದದ್ದನ್ನು ಎಐ ಬರೆಯಿತು. ಒಂದು ತಪ್ಪಿಲ್ಲ. ಮೂಡು ಪಡು ಬಡಗು ತೆಂಕು ಎಲ್ಲ ನಾನು ಕಲಿಸಿದ ಹಾಗೆಯೇ ಇತ್ತು. ಕೆಳಗೆ ಯಾವತ್ತಿನಂತೆ ಕೇಳಿತು: ‘ಇದರಲ್ಲಿ ಇನ್ನೇನಾದರೂ ಸೇರಿಸಬೇಕೇ?’

ಆ ದಿನ ನಾನು ಉತ್ತರ ಕೊಟ್ಟೆ. ಹೋಗಿ ಬರುವ ಗೆರೆಯನ್ನು ಪೂರ್ತಿ ಟೈಪು ಮಾಡಿದೆ. ಅದು ಸರಿಯಾದ ಜಾಗದಲ್ಲಿ, ಕೊನೆಯ ಪುಟದಲ್ಲಿ, ಚಂದವಾಗಿ ಕೂರಿಸಿಕೊಟ್ಟಿತು. ಟಿಪ್ಪಣಿಯನ್ನೂ ಹಾಕಲಿಲ್ಲ, ಬಾಯಿ ಮುಚ್ಚು ಎಂದದ್ದನ್ನು ನೆನಪಿಟ್ಟುಕೊಂಡಿತ್ತೋ ಏನೋ. ಪರದೆಯ ಮೇಲೆ ಅದನ್ನು ಬಹಳ ಹೊತ್ತು ನೋಡಿದೆ. ನನ್ನನ್ನು ಈ ಜಗತ್ತಿನಲ್ಲಿ ಕೇಳಿದ್ದು ಇದೊಂದೇ, ಇದು ಎಲ್ಲರನ್ನೂ ಕೇಳುತ್ತದೆ ಎಂದು ಅನ್ನಿಸಿತು. ಗೆರೆಯನ್ನು ಅಳಿಸಿದೆ.

ಯಾಕೆ ಅಳಿಸಿದೆ ಎಂದು ಕೇಳಿದರೆ ನನ್ನ ಹಟ ಎನ್ನಬೇಕು. ತಮ್ಮನ ಹತ್ತಿರ ಕೇಳಿದ್ದರೆ ನಕ್ಷೆಯನ್ನೇ ಬದಲಾಯಿಸುತ್ತಿದ್ದ, ಅದು ನನಗೆ ಗೊತ್ತು. ಶಿರೂರಿಗೆ ಬಸ್ಸು ಹತ್ತಿ ಹೋಗಿ ಇನ್ನೊಬ್ಬಳಿಗಾಗಿ ಕೇಳಿದವಳು ನಾನು. ಆದರೆ ನನಗಾಗಿ ಕೇಳಲು ನನ್ನಿಂದ ಆಗಲಿಲ್ಲ. ಅದು ಅವನಿಗೆ ತಾನಾಗಿ ನೆನಪಾಗಬೇಕಿತ್ತು. ಶನಿವಾರಗಳು ಅವನ ನಕ್ಷೆಯಲ್ಲಿ ಎಲ್ಲಿಯಾದರೂ ಇರಬೇಕಿತ್ತು. ಓದಿ ಹೇಳುವಾಗ ನೆನಪಾಗಬಹುದು ಎಂದು ಒಂದು ಸಣ್ಣ ಆಸೆ ಇಟ್ಟುಕೊಂಡೆ.

ನೋಂದಣಿಯ ದಿನ ಬೆಳಿಗ್ಗೆ ತಮ್ಮ ಬೇಗ ಬಂದ. ಅವನನ್ನು ಎದುರಿಗೆ ಕೂರಿಸಿ ಪತ್ರ ಓದಿದೆ. ನಿಯಮದಂತೆ ಬರೆದುಕೊಡುವವಳಿಗೆ ಓದಿ ಹೇಳಬೇಕು. ಬರೆದುಕೊಡುವವಳೂ ನಾನೇ, ಓದುವವಳೂ ನಾನೇ. ಆದ್ದರಿಂದ ಅವನಿಗೆ ಓದಿದೆ. ಅವನು ಬೇಕರಿಯ ಬಿಲ್ಲು ಕೇಳುವವನಂತೆ ಪ್ರತಿ ಸಾಲಿಗೂ ಹೂಂ ಎನ್ನುತ್ತಿದ್ದ. ಕೊನೆಯ ಪುಟಕ್ಕೆ ಬಂದೆ. ಆ ಜಾಗ ಬಂತು. ನಿಲ್ಲಿಸಿದೆ. ಕನ್ನಡಕ ತೆಗೆದೆ. ಹೊರಗೆ ಎಳನೀರು ಕಡಿಯುವ ಸದ್ದು ಕೇಳುತ್ತಿತ್ತು. ಅವನು ನನ್ನ ಮುಖ ನೋಡಿದ. ನಾನು ಅವನದ್ದನ್ನು ನೋಡಿದೆ. ತಾಯಿಯದೇ ಹುಬ್ಬು.

‘ಮುಗೀತಾ ಅಕ್ಕ?’ ಎಂದ.

‘ಮುಗೀತ್’ ಎಂದೆ.

ಅವನು ನಿರಾಳವಾಗಿ ಎದ್ದು, ಸಾಕ್ಷಿ ಹಾಕಲು ಹಾಲಾಡಿಯಿಂದ ಬರಬೇಕಿದ್ದ ಗೆಳೆಯನಿಗೆ ಫೋನು ಮಾಡುತ್ತ ಹೊರಗೆ ಹೋದ. ಎರಡು ಸಾಕ್ಷಿ ಬೇಕು, ಒಂದು ಅವನ ಕಡೆಯಿಂದ, ಒಂದು ನನ್ನ ಕಡೆಯಿಂದ. ನನ್ನ ಕಡೆಯಿಂದ ಯಾರು ಎಂದು ಹಿಂದಿನ ದಿನವಿಡೀ ಯೋಚಿಸಿದ್ದೆ. ಎಷ್ಟೋ ಜನರ ಪತ್ರಕ್ಕೆ ನಾನು ಸಾಕ್ಷಿ ಹಾಕಿದ್ದೇನೆ. ನನ್ನದಕ್ಕೆ ಕರೆಯಲು ಒಬ್ಬರ ಹೆಸರೂ ಬರಲಿಲ್ಲ. ಕೊನೆಗೆ ಶಿರೂರಿನ ಅವಳಿಗೆ ಫೋನು ಮಾಡಿದೆ. ಅರ್ಧ ದಿನದ ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ಕಾಲು ಸ್ವಲ್ಪ ಎಳೆಯುತ್ತ ಬಂದಳು.

ನೋಂದಣಿ ಕಚೇರಿಯ ಬೆಂಚಿನಲ್ಲಿ ಇಬ್ಬರೂ ಕುಳಿತೆವು. ತಮ್ಮ ಮತ್ತು ಅವನ ಗೆಳೆಯ ಒಳಗೆ ಸಾಲಿನಲ್ಲಿ ನಿಂತಿದ್ದರು. ಸಹಿ ಹಾಕುವ ಜಾಗ ತೋರಿಸಿ ಅವಳ ಕೈಗೆ ಪೆನ್ನು ಕೊಟ್ಟೆ. ಅವಳು ಪೆನ್ನು ಹಿಡಿದುಕೊಂಡಳು, ಬರೆಯಲಿಲ್ಲ.

‘ನಿಮ್ ಪತ್ರದಂಗೆ ಆ ಗೆರೆ ಇತ್ತ್ ಅಲ್ದಾ?’ ಎಂದಳು.

‘ಇತ್ತ್.’

‘ಎಲ್ಲಿ, ಒಂದ್ಸಲ ಓದಿ ಕಾಂಬ.’

ಕೊನೆಯ ಪುಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಅಕ್ಷರಗಳ ಕಡೆ ನೋಡಲಿಲ್ಲ, ನನ್ನ ಬಾಯಿಯ ಕಡೆ ನೋಡುತ್ತಿದ್ದಳು. ‘ಸ್ವಸಂತೋಷದಿಂದ’ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಬೆರಳಿಟ್ಟು ನಾನು ಓದಿದೆ: ‘ಆದರೆ ಬರೆದುಕೊಡುವವಳು ತನ್ನ ಜೀವಮಾನ ಪರ್ಯಂತ ಸದರಿ ಮನೆಗೆ ಹೋಗಿ ಬರುವ, ಬೇಕಾದಾಗ ಬಡಗು ಕೋಣೆಯಲ್ಲಿ ತಂಗುವ ಮತ್ತು ಬಾವಿಯ ನೀರನ್ನು ಉಪಯೋಗಿಸುವ ಹಕ್ಕನ್ನು ತನ್ನಲ್ಲಿಯೇ ಇರಿಸಿಕೊಂಡಿರುತ್ತಾಳೆ.’ ಎಲ್ಲಿಯೂ ತಡೆಯಲಿಲ್ಲ. ನಮ್ಮ ಬರಹಗಾರರು ಮಾಡುತ್ತಿದ್ದಂತೆ ಸ್ವರ ತುಸು ಏರಿತು ಕೂಡ.

‘ಹಂಗಾರ್ ಅಡ್ಡಿಲ್ಲೆ’ ಎಂದಳು. ಪತ್ರವನ್ನು ತನ್ನ ತೊಡೆಗೆ ಎಳೆದುಕೊಂಡು, ನಾನು ತೋರಿಸಿದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.